ತಲೆ ಎಸೆಯುವವರ ಊರಿನಲ್ಲಿ ಶ್ರೀಪತಿ

ಮೀನಿನ ತಲೆಯನ್ನು ಕಸದ ಡಬ್ಬಿಗೆ ಎಸೆಯುವ ದೇಶಕ್ಕೆ ಬಂದಾಗ ಶ್ರೀಪತಿಗೆ ಐವತ್ತೊಂದು ವರ್ಷ. ಜೊತೆಗೆ ಹೆಂಡತಿ ವಸಂತಾ. ಮಕ್ಕಳಿಲ್ಲ. ಕುಂದಾಪುರದ ಕೋಡಿಯಲ್ಲಿ ಹುಟ್ಟಿದವನು. ಹನ್ನೆರಡನೆಯ ವಯಸ್ಸಿಗೆ ರಂಪಣಿ ಬಲೆಯ ಹಗ್ಗ ಹಿಡಿದವನು. ಎಂಬತ್ತು ಜನ ದಡದಲ್ಲಿ ನಿಂತು ಎಳೆಯುವ ಬಲೆ ಅದು. ರಂಪಣಿ ಹೋಗಿ ಬೋಟು ಬಂದ ಮೇಲೆ ಬೋಟಿಗೆ ಹೋದ. ಹ್ಯೂಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಇಳಿದು ಅವನು ಮೊದಲು ಕೇಳಿದ ಮಾತು: "ಕಡಲ್ ಯಾವ್ ಬದಿಗೆ?"

ಕರೆಯಲು ಬಂದಿದ್ದ ನಳಿನಿಗೆ ಅದು ಗೊತ್ತಿರಲಿಲ್ಲ. ನಳಿನಿ ವಸಂತಾಳ ತಂಗಿ, ಅಲ್ಲಿ ನರ್ಸು. ಅಕ್ಕನನ್ನು ಕರೆಸಿಕೊಳ್ಳಲು ಅವಳು ಅರ್ಜಿ ಹಾಕಿ ಹದಿಮೂರು ವರ್ಷವಾಗಿತ್ತು. ಅರ್ಜಿ ಹಾಕಿದಾಗ ಅಕ್ಕ ಬೇಕಿತ್ತು. ಕಾಗದ ಕೈಗೆ ಬರುವ ಹೊತ್ತಿಗೆ ಬಿಳಿ ಕಾರ್ಪೆಟ್ಟಿನ ಮನೆ ಬಂದಿತ್ತು. "ಅಕ್ಕ, ಮೀನ್ ಮಾಡೂದಾದ್ರೆ ಗ್ಯಾರೇಜಲ್ಲಿ ಮಾಡ್" ಎಂದಳು. ಬೂತಾಯಿ ಮೀನಿನ ಸಾರಿನ ಬೋಗಣಿ ನೆಕ್ಕಿ ಬೆಳೆದವಳು.

ಗ್ಯಾರೇಜಿನಲ್ಲಿ ಒಲೆ ಹೂಡಿಕೊಂಡು ಬದುಕಲಾಗದು. ಎರಡೇ ತಿಂಗಳಿಗೆ ಶ್ರೀಪತಿ ಕಡಲು ಹುಡುಕಿಕೊಂಡ. ವಿಯೆಟ್ನಾಮಿನವನೊಬ್ಬನ ಸಿಗಡಿ ಬೋಟಿಗೆ ಸೇರಿದ. ಇಬ್ಬರಿಗೂ ಇಂಗ್ಲಿಷ್ ಬಾರದು, ಹಾಗಾಗಿ ಜಗಳವೂ ಇರಲಿಲ್ಲ. ಮಧ್ಯಾಹ್ನ ಬೋಟಿನ ಮೇಲೆ ಇಬ್ಬರೂ ಒಂದೇ ಪಾತ್ರೆಯಿಂದ ಮೀನಿನ ತಲೆಯ ಸಾರು ಉಣ್ಣುತ್ತಿದ್ದರು. ಈ ದೇಶದಲ್ಲಿ ತಿನ್ನಲು ಗೊತ್ತಿರುವ ಒಬ್ಬನೇ ಗಂಡಸು ಅವನು ಎಂದು ಶ್ರೀಪತಿ ಮನೆಗೆ ಬಂದು ಹೇಳುತ್ತಿದ್ದ. ನಾಲ್ಕು ವರ್ಷವಾದ ಮೇಲೆ ಬಲೆ ಎಳೆಯುವ ಯಂತ್ರದ ಹಗ್ಗ ಹರಿದು ಶ್ರೀಪತಿಯ ಬಲಭುಜಕ್ಕೆ ಬಡಿಯಿತು. ಕೈ ತಲೆಯ ಮೇಲಕ್ಕೆ ಏಳದಾಯಿತು.

ಹಾಗೆ ಕಡಲು ಬಿಟ್ಟು, ಕಡಲೇ ಇಲ್ಲದ ಡಾಲಸ್ ಕಡೆಗೆ ಬಂದರು. ಕ್ಯಾರಲ್ಟನ್ನಿನಲ್ಲಿ ಒಂದು ದೊಡ್ಡ ಏಷ್ಯನ್ ಅಂಗಡಿ. ಹಿಂದೆ ಸೊಪ್ಪು ಕಟ್ಟುವ ಕೆಲಸ ವಸಂತಾಗೆ, ಮುಂದೆ ಮೀನು ಕೊಯ್ಯುವ ಕೆಲಸ ಶ್ರೀಪತಿಗೆ. ಎದೆಗೆ ಹಚ್ಚಿಕೊಳ್ಳಲು ಹೆಸರಿನ ಬಿಲ್ಲೆ ಕೊಟ್ಟರು. ಪೂರ್ತಿ ಹೆಸರು ಉದ್ದವಾಯಿತೆಂದು "ಶ್ರೀ" ಎಂದಷ್ಟೇ ಹಾಕಿದ್ದರು. ಬಿಲ್ಲೆಯಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಖಾಲಿ ಇತ್ತು.

ಆ ಮೀನಿನ ಕಟ್ಟೆಯ ಮುಂದೆ ನಿಂತರೆ ನಮ್ಮ ಜನರ ಬಣ್ಣವೆಲ್ಲ ಕಾಣುತ್ತದೆ. ಬೆಂಗಳೂರು, ಮೈಸೂರಿನ ಹೆಂಗಸರು ನುಗ್ಗೆಕಾಯಿ ಆರಿಸುತ್ತಾ ಬಂದು, ಮೀನಿನ ಸಾಲು ಬಂದೊಡನೆ ದುಪಟ್ಟಾ ಮೂಗಿಗೆ ಒತ್ತಿಕೊಂಡು ಗಾಡಿ ತಿರುಗಿಸುತ್ತಿದ್ದರು. ಅವರದೇ ಗಂಡಂದಿರು ಸಂಜೆ ಒಬ್ಬೊಬ್ಬರೇ ಬರುತ್ತಿದ್ದರು. "ಅಂಕಲ್, ಮುಳ್ಳೇ ಇರಬಾರದು. ತಲೆ ತೆಗೆದ್ಬಿಡಿ, ಕಣ್ಣು ಬಿಟ್ಕೊಂಡು ನೋಡುತ್ತೆ."

"ಕಾಣ್ಲಿ ಬಿಡಿ. ನಿಮ್ಮನ್ನ ಅದಾದ್ರೂ ಕಂಡ್ಕಣ್ಲಿ" ಎನ್ನುತ್ತಿದ್ದ ಶ್ರೀಪತಿ. ಅವರಿಗೆ ಅರ್ಥವಾಗುತ್ತಿರಲಿಲ್ಲ, ನಗುತ್ತಿದ್ದರು.

ತಲೆಗಳು ಮನೆಗೆ ಬರುತ್ತಿದ್ದವು. ಅವರ ಮನೆಯಲ್ಲಿ ಒಂದು ಕ್ರಮ. ತಲೆ ಕಡಲಿಗೆ ಹೋದವನಿಗೆ. ಮನೆಗೆ ನೆಂಟರು ಬಂದರೆ ನೆಂಟರಿಗೆ. ಹೆಂಗಸರಿಗೆ ಬಾಲದ ಕಡೆ. ವಸಂತಾ ಮೂವತ್ತು ವರ್ಷ ಬಾಲವನ್ನೇ ತಿಂದಳು. ಶ್ರೀಪತಿ ಕೆನ್ನೆಯ ಮಾಂಸ ಬಿಡಿಸಿ, ಕಣ್ಣಿನ ಸುತ್ತಲಿನ ಅಂಟು ಹೀರಿ, ದವಡೆಯ ಎಲುಬುಗಳನ್ನು ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಿದ್ದ. ಅವನು ಉಂಡೆದ್ದ ಮೇಲೆ ಆ ಎಲುಬುಗಳಿಗೆ ಬೆಕ್ಕೂ ಬರುತ್ತಿರಲಿಲ್ಲ.

ಪ್ರಗತಿ ಬಂದದ್ದು ಎರಡು ಸಾವಿರದ ಹದಿನೈದರಲ್ಲಿ. ಮೈಸೂರಿನ ಕುವೆಂಪುನಗರದ ಹುಡುಗಿ, ರಿಚರ್ಡ್‌ಸನ್‌ನಲ್ಲಿ ಓದುತ್ತಿದ್ದಳು. ರೈಲಿನಲ್ಲಿ ಬಂದು, ನಿಲ್ದಾಣದಿಂದ ಬಿಸಿಲಿನಲ್ಲಿ ನಡೆದು, ಬೆವರಿಕೊಂಡು ಕಟ್ಟೆಯ ಮುಂದೆ ನಿಂತಳು. ಎರಡೂ ಕೈಗೆ ರಬ್ಬರಿನ ಗವಸು.

"ಅಂಕಲ್, ನಂಗೆ ಮೀನು ಬೇಕು. ಅಂದ್ರೆ ತಿನ್ನಕ್ಕಲ್ಲ. ನಾವು ತಿನ್ನಲ್ಲ. ಎಲುಬು ಬೇಕು."

"ಮದ್ವಿ ಆಯ್ಲಿಲ್ಲ, ಮಗು ಬೇಕ್ ಅಂದಂಗ್ ಆಯ್ತಲೆ" ಎಂದ ಶ್ರೀಪತಿ.

ಸೊಪ್ಪು ತುಂಬಲು ಬಂದಿದ್ದ ವಸಂತಾ ಹುಡುಗಿ ಹೇಳುವುದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ನ್ಯೂಜಿಲ್ಯಾಂಡ್ ಎಂಬ ದೇಶ. ಅಲ್ಲಿ ಮೊದಲಿನಿಂದ ಇರುವವರು ಮಾವೋರಿ ಜನ. ಐನೂರು ವರ್ಷದ ಹಿಂದೆ ಅವರು ತಿಂದು ಬಿಸಾಡಿದ ಮೀನಿನ ಮುಳ್ಳು ಮಣ್ಣಿನಡಿ ಸಿಕ್ಕಿದೆ. ಅದನ್ನು ಪೆಟ್ಟಿಗೆಗಳಲ್ಲಿ ತುಂಬಿ ಟೆಕ್ಸಸ್‌ಗೆ ತಂದಿದ್ದಾರೆ. ಆ ಜನ ಯಾವ ಮೀನನ್ನು ಹೇಗೆ ಹಿಡಿದರು, ಯಾರು ತಿಂದರು ಎಂದು ಎಲುಬು ನೋಡಿ ಹೇಳುವುದು ಈ ಹುಡುಗಿಯ ಓದು. ಮೀನಿನೊಳಗೆ ಎಲುಬು ಹೇಗೆ ಕೂತಿರುತ್ತದೆ ಎಂದೇ ಅವಳಿಗೆ ಗೊತ್ತಿಲ್ಲ. ಅದಕ್ಕೆ ಇಡೀ ಮೀನು ಬೇಕು.

ಮೀನನ್ನೇ ಮುಟ್ಟದವಳಿಗೆ ಮೀನಿನ ಮೇಲೆ ಡಾಕ್ಟರ್ ಪದವಿ. ವಸಂತಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಗು ತಡೆಯಲಾಗಲಿಲ್ಲ.

ಶ್ರೀಪತಿ ನಗಲಿಲ್ಲ. ಅವನಿಗೆ ಕೆಲಸ ಕಲಿಯಲು ಬಂದವರೆಂದರೆ ಮರ್ಯಾದೆ. ತನ್ನ ಪಾಲಿನ ತಲೆಗಳನ್ನು ಮನೆಯಲ್ಲಿ ಕುದಿಸಿ, ಮಾಂಸ ಬಿಡಿಸಿ, ಎಲುಬು ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟ. ವಾರಕ್ಕೊಮ್ಮೆ ಪ್ರಗತಿ ಬರುತ್ತಿದ್ದಳು. ಅವರ ಅಡುಗೆ ಮನೆಯ ನೆಲದಲ್ಲಿ ಪೇಪರ್ ಹಾಸಿ ಅವನು ಒಂದೊಂದೇ ಎಲುಬು ಜೋಡಿಸಿ ಇಡೀ ತಲೆ ಕಟ್ಟಿ ತೋರಿಸುತ್ತಿದ್ದ. ಮೂರನೆಯ ವಾರಕ್ಕೆ ಗವಸು ಹೋಯಿತು. ಐದನೆಯ ವಾರಕ್ಕೆ ಅವಳು ವಸಂತಾಳ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ಸ್ನ್ಯಾಪರ್ ಮೀನಿನ ಕಿವಿರು ಕೀಳುತ್ತಿದ್ದಳು. "ಅಮ್ಮಂಗೆ ಹೇಳ್ಬೇಡಿ ಆಂಟಿ" ಎನ್ನುತ್ತಿದ್ದಳು. ಅವರಮ್ಮ ಇರುವುದು ಮೈಸೂರಿನಲ್ಲಿ. ವಸಂತಾ ಅವರನ್ನು ಕಂಡೂ ಇಲ್ಲ.

ಒಂದು ಮಂಗಳವಾರ, ಶ್ರೀಪತಿಯ ರಜೆಯ ದಿನ, ಪ್ರಗತಿ ಅವರಿಬ್ಬರನ್ನೂ ಕಾಲೇಜಿಗೆ ಕರೆದುಕೊಂಡು ಹೋದಳು. ತಣ್ಣನೆಯ ಕೋಣೆ. ಉದ್ದನೆಯ ಮೇಜಿನ ಮೇಲೆ ತಟ್ಟೆಗಳು. ತಟ್ಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದ ಎಲುಬು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟಿದ್ದು. ಶ್ರೀಪತಿ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಾ ಹೋದ.

"ಇದ್ ಬಲೆದ್ದ್" ಎಂದ ಒಂದು ತಟ್ಟೆಗೆ. ಇನ್ನೊಂದಕ್ಕೆ, "ಇದ್ ಗಾಳದ್ದ್."

"ಹೇಗೆ ಗೊತ್ತಾಯ್ತು ಅಂಕಲ್?"

"ಇದ್ರಗೆ ಮರಿಯೂ ಇತ್ತ್, ಅಜ್ಜನೂ ಇತ್ತ್. ಬಲೆ ಎಳ್ದ್ರೆ ಎಲ್ಲ ಬತ್ತ್. ಅದ್ರಗೆ ಎಲ್ಲ ಒಂದೇ ಅಳತಿ. ಗಾಳ ಬಾಯಿಗ್ ಹೋಪಂಥದ್ದ್ ಮಾತ್ರ."

ಪ್ರಗತಿ ಪೆಚ್ಚಾದಳು. ಅದೇ ಮಾತನ್ನು ಹೇಳಲು ಅವಳು ಆರು ತಿಂಗಳಿನಿಂದ ಎಲುಬು ಅಳೆದು ಗೆರೆ ಎಳೆಯುತ್ತಿದ್ದಳಂತೆ. ಗೆರೆಯೂ ಅದನ್ನೇ ಹೇಳಿತ್ತಂತೆ.

ಆಮೇಲೆ ಅವಳು ತನ್ನ ಬರಹದ ಮುಖ್ಯ ಮಾತು ಹೇಳಿದಳು. ಆ ಊರಿನಲ್ಲಿ ಎರಡು ಕಡೆ ಅಗೆದಿದ್ದಾರೆ. ಒಂದು, ದೊಡ್ಡ ಮನೆ ಇದ್ದ ಜಾಗ. ಅಲ್ಲಿ ಬರೀ ತಲೆಯ ಎಲುಬು. ತಲೆ ಎಂದರೆ ಕಸ, ಒಳ್ಳೆಯ ಮಾಂಸ ಬೇರೆಯವರಿಗೆ ಹೋಗಿದೆ. ಹಾಗಾಗಿ ಅಲ್ಲಿ ಇದ್ದವರು ಆಳುಗಳು, ಬಡವರು. ಎರಡನೆಯದು ಕಡಲಿನಿಂದ ದೂರದ ಗುಡ್ಡ. ಅಲ್ಲಿ ದವಡೆಯ ಎಲುಬು ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಅವರು ಮೀನೇ ತಿನ್ನುತ್ತಿರಲಿಲ್ಲ. ಅವಳ ಪ್ರೊಫೆಸರೂ ಇದನ್ನು ಒಪ್ಪಿದ್ದಾರೆ.

ಶ್ರೀಪತಿ ವಸಂತಾಳ ಮುಖ ನೋಡಿದ. ವಸಂತಾ ಶ್ರೀಪತಿಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಷ್ಟು ತಣ್ಣನೆಯ ಕೋಣೆಯಲ್ಲಿ ಹಾಗೆ ಯಾರೂ ನಕ್ಕಿರಲಿಕ್ಕಿಲ್ಲ.

"ಮಗಾ, ತಲಿ ಯಾರಿಗ್ ಕೊಡುದ್? ಆಳಿಗಾ? ನಮ್ಮನಿಯಂಗೆ ತಲಿ ಯಾರಿಗೆ, ನೀನೇ ಕಂಡಿದ್ಯಲ್ದಾ?"

"ನಿಮಗೆ" ಎಂದಳು ಪ್ರಗತಿ.

"ಅದ್ ಆಳಿನ್ ಮನಿ ಅಲ್ಲ. ಯಜಮಾನಂದ್. ಇಲ್ಲಾ ನೆಂಟ್ರಿಗ್ ಬಡ್ಸೂ ಚಾವಡಿ." ಗೋಡೆಯ ಬದಿಗೆ ಇದ್ದ ಚೀಲಗಳ ಕಡೆ ಕೈ ತೋರಿಸಿದ. "ಅದ್ರಗೆ ಎಂತ?"

"ಬೆನ್ನೆಲುಬಿನ ಮಣಿ. ಅದನ್ನ ಎಣಿಸಿಲ್ಲ. ಅದರಿಂದ ಯಾವ ಮೀನು ಅಂತ ಹೇಳೋದು ಕಷ್ಟ. ಬಾಯಿಯ ಐದು ಎಲುಬು ಮಾತ್ರ ಎಣಿಸೋದು ನಮ್ಮ ಪ್ರೊಫೆಸರ್ ಪದ್ಧತಿ."

"ಎಲ್ಲಿಂದ್ ಬಂದದ್ದ್ ಆ ಚೀಲ?"

"ಗುಡ್ಡದ್ದು."

"ತಲಿ ತೆಗ್ದ್, ಒಣ್ಸಿ, ಕಟ್ಟ್ ಕಟ್ಟಿ ಗುಡ್ಡಿಗ್ ತಕಂಡ್ ಹೋಯಿರ್. ಒಣಮೀನಿಗೆ ಬಾಯಿ ಎಲ್ಲಿಂದ ಬಪ್ದು? ಬಾಯಿ ಎಣ್ಸಿರೆ ಸೊನ್ನೆಯೇ ಸಿಕ್ಕುದ್."

"ಆದ್ರೆ ಅಂಕಲ್, ಪ್ರೊಫೆಸರ್ ಮೂವತ್ತು ವರ್ಷದಿಂದ ಎಲುಬು ಎಣಿಸ್ತಿದ್ದಾರೆ."

"ಎಣ್ಸಿದ್ದ್ ಹೌದ್. ಹೀರಿದ್ದಿಲ್ಲೆ."

ತಿನ್ನದವಳೂ, ಮುಳ್ಳಿಲ್ಲದ ತುಂಡು ತಿಂದು ಬೆಳೆದವರೂ ಸೇರಿ ಮಾಡಿದ ತಪ್ಪು ಅದು. ಯಜಮಾನನನ್ನು ಆಳು ಮಾಡಿದ್ದರು. ಮೀನು ತಿಂದವರ ಬಾಯಿಂದ ಮೀನು ಕಿತ್ತುಕೊಂಡಿದ್ದರು. ಅದಕ್ಕೆ ಇಷ್ಟು ದೊಡ್ಡ ಕಟ್ಟಡ, ಇಷ್ಟು ತಣ್ಣನೆಯ ಕೋಣೆ.

ಪ್ರಗತಿ ಒಳ್ಳೆಯ ಹುಡುಗಿ. ಬರೆದದ್ದನ್ನು ಹರಿದು ಹಾಕಿದಳು. ಚೀಲ ಬಿಚ್ಚಿ ಬೆನ್ನುಮಣಿ ಎಣಿಸಲು ಕೂತಳು. ನ್ಯೂಜಿಲ್ಯಾಂಡಿನಲ್ಲಿ ಆ ಜಾಗದ ಹತ್ತಿರವೇ ಇರುವ ಒಬ್ಬ ಮಾವೋರಿ ಮುದುಕಿಗೆ ಇಮೇಲ್ ಪತ್ರವನ್ನೂ ಬರೆದಳು. ಉತ್ತರ ವಾರದೊಳಗೆ ಬಂತು. ಅದನ್ನು ಅವಳು ಅಡುಗೆ ಮನೆಯಲ್ಲಿ ಓದಿ ಹೇಳಿದಳು. "ನಮ್ಮ ಮನೆಯಲ್ಲೂ ತಲೆ ಅಜ್ಜನಿಗೆ, ಇಲ್ಲವೇ ಬಂದವರಿಗೆ. ಗುಡ್ಡದ ನೆಂಟರಿಗೆ ಒಣಮೀನು ಕಳಿಸುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮ ಎಲುಬು ತೆಗೆದುಕೊಂಡು ಹೋಗಲು ಬಹಳ ಜನ ಬಂದರು. ಕೇಳಲು ಯಾರೂ ಬರಲಿಲ್ಲ."

ಬಾಯಿ ಇರುವ ಜನ ಅಲ್ಲೇ ಕೂತಿದ್ದಾರೆ. ಇವರು ಸತ್ತ ಮೀನಿನ ಬಾಯಿ ಎಣಿಸುತ್ತಿದ್ದಾರೆ. ಆ ಮುದುಕಿಗೆ ಒಮ್ಮೆ ಕೈಮುಗಿಯಬೇಕು ಎನಿಸಿತು ವಸಂತಾಗೆ.

"ಆಸ್ಟಿನ್‌ನಲ್ಲಿ ಏಪ್ರಿಲ್‌ಗೆ ದೊಡ್ಡ ಸಭೆ ಇದೆ ಅಂಕಲ್, ಎಲ್ಲಾ ಕಡೆಯಿಂದ ಬರ್ತಾರೆ. ಅಲ್ಲಿ ನಾವು ಕಂಡ್ಕೊಂಡಿದ್ದನ್ನೆಲ್ಲ ಬರ್ದು ಪೋಸ್ಟರ್ ಹಾಕ್ತೀವಿ. ಅದರಲ್ಲಿ ನಿಮ್ಮ ಹೆಸರು ಬರುತ್ತೆ" ಎಂದಳು ಪ್ರಗತಿ.

"ನನ್ ಹೆಸ್ರ್ ತಕಂಡ್ ಯಾರಿಗೆ ಎಂತ ಆಯ್ಕ್?" ಎಂದ ಶ್ರೀಪತಿ. ಆದರೆ ಅವಳು ಹೋದ ಮೇಲೆ ಬಿಲ್ಲೆಯನ್ನು ಅಂಗಿಯಿಂದ ಬಿಚ್ಚಿ ಮೇಜಿನ ಮೇಲಿಟ್ಟು ವಸಂತಾಳಿಗೆ ಹೇಳಿದ. "ಹೆಣೆ, ಬರೀ ಶ್ರೀ ಅಲ್ಲ. ಶ್ರೀಪತಿ ಮೊಗವೀರ ಅಂತ್ಲೇ ಹಾಕ್ಕ್ ಅಂತ ಆ ಹೆಣ್ಣಿಗ್ ಹೇಳ್ ಕಾಂಬ. ಕೋಡಿ ಅಂತಲೂ ಇರ್ಲಿ." ಒಂಬತ್ತು ವರ್ಷದಲ್ಲಿ ಈ ದೇಶದ ಹತ್ತಿರ ಅವನು ಕೇಳಿದ್ದು ಅದೊಂದೇ. ವಸಂತಾ ಹುಡುಗಿಗೆ ಹೇಳಿದಳು. ಹುಡುಗಿ ಬರೆದುಕೊಂಡಳು.

ಜನವರಿಯಲ್ಲಿ ಅವನು ಸತ್ತ. ಬೆಳಿಗ್ಗೆ ಕಟ್ಟೆಗೆ ಐಸ್ ತುಂಬುತ್ತಿದ್ದವನು ಸಲಿಕೆ ಹಿಡಿದುಕೊಂಡೇ ಬಿದ್ದ. ವಸಂತಾ ಒಳಗಿನಿಂದ ಓಡಿ ಬರುವಾಗ ಅವನ ಕೆನ್ನೆಯ ಮೇಲೆ ಐಸ್ ಕರಗುತ್ತಿತ್ತು. ಎದೆ ನಿಂತಿತು ಎಂದರು ಡಾಕ್ಟರು. ಮರುದಿನ ಅದೇ ಕಟ್ಟೆಗೆ ಇನ್ನೊಬ್ಬ ಬಂದು ನಿಂತ. ಅವನಿಗೂ ಒಂದು ಬಿಲ್ಲೆ.

ಜನ ಬಂದರು. ಎರಡು ಮನೆ ಆಚೆಯ ಅನುಸೂಯಾ ಬಿಸಿಬೇಳೆಬಾತ್ ತಂದಳು. ಶ್ರೀಪತಿ ಇದ್ದಾಗ ಮೀನಿನ ವಾಸನೆಗೆ ಕಿಟಕಿ ಹಾಕಿಕೊಳ್ಳುತ್ತಿದ್ದವಳು. ಸತ್ತವನಿಗೆ ಅವನಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಕೋಡಿಯ ಕ್ರಮ. ವಸಂತಾ ಸ್ನ್ಯಾಪರ್ ತಲೆ ತಂದು ಸಾರು ಕುದಿಸುವಾಗ ಅನುಸೂಯಾ ಒಳಗೆ ಇಣುಕಿದಳು.

"ಸೂತಕದ ಮನೇಲಿ ಮೀನಾ ವಸಂತಾ? ಅವರ ಆತ್ಮಕ್ಕೆ ಶಾಂತಿ ಬೇಡ್ವಾ?"

"ನಿಮ್ಮ ಬಾತ್ ಇಟ್ರೆ ಅವ್ರ್ ಎದ್ದ್ ಬಂದ್ ಬೈತ್ರ್" ಎಂದಳು ವಸಂತಾ. "ಅದಕ್ಕಾದ್ರೂ ಬರ್ಲಿ ಅಂತ ಇಟ್ಟ್ ಕಾಂಬನಾ?"

ಅನುಸೂಯಾ ಪಾತ್ರೆ ಬಿಟ್ಟು ಹೋದಳು. ವಸಂತಾ ತಲೆಯನ್ನು ಬಾಳೆ ಎಲೆಯ ಮೇಲಿಟ್ಟು ಪಾರ್ಕಿಂಗಿನ ಹುಲ್ಲಿನ ಬದಿಗೆ ತಂದಿಟ್ಟಳು. ಇಲ್ಲಿ ಊರಿನ ಕಾಗೆ ಇಲ್ಲ. ಉದ್ದ ಬಾಲದ ಕರಿ ಹಕ್ಕಿಗಳಿವೆ, ಗಲಾಟೆ ಮಾಡುವಂಥವು. ಒಂದು ಬಂದು ನೇರ ಕೆನ್ನೆಗೇ ಕೊಕ್ಕು ಹಾಕಿತು. ಈ ದೇಶದಲ್ಲಿ ಹಕ್ಕಿಗೆ ಇರುವ ಬುದ್ಧಿ ಪ್ರೊಫೆಸರಿಗಿಲ್ಲ ಎಂದುಕೊಂಡಳು. ಆಮೇಲೆ ಒಳಗೆ ಬಂದು ಅಳು ಬರುವಷ್ಟೂ ಅತ್ತಳು.

ಏಪ್ರಿಲ್‌ನಲ್ಲಿ ಪ್ರಗತಿಗೆ ತಾನೇ ಫೋನ್ ಮಾಡಿದಳು. "ನಾನೂ ಬತ್ತೆ. ಅವ್ರ್ ಹೆಸ್ರ್ ಕಾಣ್ಕ್."

ಹುಡುಗಿ ಆ ಕಡೆ "ಅದು ಆಂಟಿ..." ಎಂದು ಶುರು ಮಾಡಿದಳು. ಆಮೇಲೆ "ಬನ್ನಿ ಆಂಟಿ" ಎಂದಳು.

ಆಸ್ಟಿನ್‌ಗೆ ಬಸ್ಸಿನಲ್ಲಿ ಹೋದರು. ಸಭೆಯ ಹಾಲ್ ಮೀನು ಮಾರ್ಕೆಟ್ಟಿನಷ್ಟು ದೊಡ್ಡದು, ಅಷ್ಟೇ ಗಲಾಟೆ, ವಾಸನೆ ಮಾತ್ರ ಇಲ್ಲ. ಸಾಲು ಸಾಲು ಹಲಗೆಗಳಿಗೆ ದೊಡ್ಡ ಕಾಗದ ಹಚ್ಚಿದ್ದರು. ಒಂದೊಂದರ ಮುಂದೆ ಒಬ್ಬೊಬ್ಬರು ತಮ್ಮ ಸರಕು ಕೂಗುತ್ತಿದ್ದರು. ಎಲ್ಲರ ಕೊರಳಲ್ಲೂ ಬಿಲ್ಲೆ. ಬಿಲ್ಲೆಗಳಲ್ಲಿ ಪೂರ್ತಿ ಹೆಸರು, ಎಷ್ಟೇ ಉದ್ದವಿದ್ದರೂ.

ಪ್ರಗತಿಯ ಪೋಸ್ಟರಿನಲ್ಲಿ ತಲೆ ಇತ್ತು, ಗುಡ್ಡವಿತ್ತು, ಒಣಮೀನಿನ ಚಿತ್ರವಿತ್ತು. ಶ್ರೀಪತಿ ಹೇಳಿದ್ದೆಲ್ಲ ಇತ್ತು. ವಸಂತಾ ಓದಿದ್ದು ನಾಲ್ಕನೆಯ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಸೊಪ್ಪಿನ ಚೀಟಿಗಳಿಂದ. ಬೆರಳಿಟ್ಟು ಒಂದೊಂದೇ ಸಾಲು ಹುಡುಕಿದಳು. ಮೇಲೆ ಪ್ರೊಫೆಸರ್ ಹೆಸರು. ಪಕ್ಕದಲ್ಲಿ ಪ್ರಗತಿಯದು. ಕೆಳಗೆ ಮಾವೋರಿ ಮುದುಕಿಯದು, ಅದಾದರೂ ಇತ್ತು. ಶ್ರೀಪತಿ ಇರಲಿಲ್ಲ.

"ಎಲ್ಲಿತ್ತ್?"

ಪ್ರಗತಿ ಕಟ್ಟಕಡೆಯ ಸಣ್ಣ ಸಾಲು ತೋರಿಸಿದಳು. "ಕ್ಯಾರಲ್ಟನ್ನಿನ ಒಬ್ಬ ಮೀನು ಕೊಯ್ಯುವವನ ಸಹಾಯದಿಂದ, ಅಂತ ಇದೆ ಆಂಟಿ."

"ಒಬ್ಬ."

"ಹೆಸರು ಹಾಕ್ಬೇಕಾದ್ರೆ ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬೇಕಂತೆ. ನಾನು ಫೆಬ್ರವರಿಯಲ್ಲಿ ತಗೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಅಂಕಲ್... ಪ್ರೊಫೆಸರ್ ರೂಲ್ಸ್ ಅಂದ್ರು. ನಿಮಗೆ ಫೋನಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ."

ವಸಂತಾ ಪೋಸ್ಟರನ್ನೇ ನೋಡುತ್ತಾ ನಿಂತಳು. "ಆ ಮೀನ್ ತಿಂದವ್ರ್ ಐನೂರ್ ವರ್ಷದ್ ಹಿಂದೆ ಸಹಿ ಹಾಕಿದ್ರಾ?"

ಹುಡುಗಿ ಪೋಸ್ಟರಿನ ಮೂಲೆಯ ಪಿನ್ನನ್ನು ಸುಮ್ಮನೆ ಒತ್ತಿದಳು.

"ಪೆನ್ನ್ ಕೊಡ್."

"ಆಂಟಿ, ಇದು..."

"ಅವ್ರಿಗ್ ಸಹಿ ಹಾಕೂಕ್ ಆತಿಲ್ಲ. ನಾನ್ ಹಾಕ್ತೆ. ನಾನ್ ಅವ್ರ್ ಹೆಂಡ್ತಿ. ಕೊಡ್ ಪೆನ್ನ್."

ಪ್ರಗತಿ ಚೀಲದಿಂದ ದಪ್ಪ ಕರಿ ಪೆನ್ನು ತೆಗೆದು ಕೊಟ್ಟಳು. ಪೋಸ್ಟರಿನ ಮೇಲೆ, ಪ್ರೊಫೆಸರ್ ಹೆಸರಿನ ಪಕ್ಕ ಸ್ವಲ್ಪ ಜಾಗ ಖಾಲಿ ಇತ್ತು. ವಸಂತಾ ಎಡಗೈಯಿಂದ ಹಲಗೆ ಹಿಡಿದುಕೊಂಡು ಕನ್ನಡದಲ್ಲಿ ಬರೆದಳು: ಶ್ರೀಪತಿ ಮೊಗವೀರ, ಕೋಡಿ. "ಶ್ರೀ" ದೊಡ್ಡದಾಯಿತು. "ಕೋಡಿ" ಸ್ವಲ್ಪ ಕೆಳಗೆ ಜಾರಿತು.

ಪಕ್ಕದ ಸಾಲಿನಲ್ಲಿ ಮಾತಾಡುತ್ತಿದ್ದ ಪ್ರೊಫೆಸರ್ ಅವಸರದಲ್ಲಿ ಬಂದರು. ಬಿಳಿ ಗಡ್ಡ, ಒಳ್ಳೆಯ ಮುಖ. ಸಿಟ್ಟು ಮಾಡಲಿಲ್ಲ. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಪ್ರಗತಿ ಕನ್ನಡಕ್ಕೆ ತಂದಳು. "ನಿಮ್ಮ ಲಿಪಿ ತುಂಬಾ ಚೆನ್ನಾಗಿದೆ ಅಂತಿದ್ದಾರೆ. ಏನು ಬರ್ದಿದ್ದೀರಿ ಅಂತ ಕೇಳ್ತಿದ್ದಾರೆ."

"ಲಿಪಿ ಚಂದ ಇಲ್ಲೆ, ನಾಕ್ನೇ ಕ್ಲಾಸಿಂದ್. ನೀನೇ ಹೇಳ್, ಎಂತ ಬರ್ದದ್ದ್ ಅಂತ. ಗಟ್ಟಿಯಾಗ್ ಹೇಳ್."

ಪ್ರಗತಿ ಜನರ ಕಡೆ ತಿರುಗಿದಳು. ಸುತ್ತ ಏಳೆಂಟು ಜನ ಸೇರಿದ್ದರು. ಹೆಸರು ಹೇಳಿದಳು. ಯಾರ ಹೆಸರು, ಅವನು ಏನು ಹೇಳಿಕೊಟ್ಟ, ತಾನು ಏನು ತಪ್ಪು ಬರೆದಿದ್ದೆ, ಎಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಏನನ್ನೂ ಬಿಡಲಿಲ್ಲ. ಪ್ರೊಫೆಸರ್ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅವರೂ ಒಂದು ಪ್ರಶ್ನೆ ಕೇಳಿದರು.

"ಅಂಕಲ್‌ಗೆ ಇದೆಲ್ಲ ಹೇಗೆ ತಿಳೀತು, ಯಾರ ಹತ್ರ ಓದಿದ್ರು ಅಂತ ಕೇಳ್ತಿದ್ದಾರೆ."

"ತಿಂದ್" ಎಂದಳು ವಸಂತಾ. "ತಿಂದ್ ತಿಳ್ಕಂಡ್ರ್ ಅಂತ ಹೇಳ್."

ಜನ ನಕ್ಕರು. ಪ್ರೊಫೆಸರೂ ನಕ್ಕರು, ಆಮೇಲೆ ಹೆಸರು ಹೇಳಲು ಹೋದರು. ನಾಲಿಗೆ ತಿರುಗಲಿಲ್ಲ. "ಶ್ರೀ" ಎಂದು ನಿಂತರು. ಅಷ್ಟು ಸಾಕೆಂಬಂತೆ ಅವಳ ಮುಖ ನೋಡಿದರು.

"ಪೂರ್ತಿ" ಎಂದಳು ವಸಂತಾ. ಅದನ್ನು ಯಾರೂ ಇಂಗ್ಲಿಷಿಗೆ ತರಬೇಕಾಗಲಿಲ್ಲ.

ಅವರು ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ ಹೇಳಿದರು. ಮೊಗವೀರ ಎನ್ನುವಾಗ ಬಾಯಿ ಐಸಿನ ಮೇಲಿನ ಮೀನಿನಂತೆ ತೆರೆದು ಮುಚ್ಚುತ್ತಿತ್ತು. ವಸಂತಾ ಪೆನ್ನಿನ ಮುಚ್ಚಳ ಹಾಕದೆ, ಕೈಯಲ್ಲಿ ಹಿಡಿದುಕೊಂಡೇ ಕಾದು ನಿಂತಳು. ಕೋಡಿಯವರೆಗೆ ಬಂದ ಮೇಲೆ ಮುಚ್ಚಳ ಹಾಕಿ ಹುಡುಗಿಗೆ ಕೊಟ್ಟಳು.